ಬಾಕಿ ಬಿಲ್ಲಿಗೆ ಯಾವ ಪತ್ರ, ಯಾರಿಗೆ, ಯಾವಾಗ? ಮಲೆನಾಡಿನ ಸಣ್ಣ ಉದ್ದಿಮೆಗಳಿಗೆ ಒಂದು ಹೋಲಿಕೆ

ಶಿವಮೊಗ್ಗದಲ್ಲಿ ಸಣ್ಣ ಉದ್ದಿಮೆಗಳ ಲೆಕ್ಕ ಬರೆಯುವುದು ನನ್ನ ಕೆಲಸ. ಮಾಚೇನಹಳ್ಳಿಯ ಜಾಬ್‌ವರ್ಕ್ ಶೆಡ್ಡು, ದುರ್ಗಿಗುಡಿಯ ಪ್ರಿಂಟಿಂಗ್ ಪ್ರೆಸ್ಸು, ವಿನೋಬನಗರದ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗಳಿಗೆ ವೆಬ್‌ಸೈಟ್ ಮಾಡಿಕೊಡುವ ಹುಡುಗರು, ತೀರ್ಥಹಳ್ಳಿ ಕಡೆಯ ಹೋಂಸ್ಟೇಗಳಿಗೆ ಫೋಟೊ ತೆಗೆದುಕೊಡುವವರು, ಹೀಗೆ. ಯಾರ ಲೆಡ್ಜರ್ ತೆಗೆದರೂ ಒಂದು ಪುಟ ಮಾತ್ರ ಒಂದೇ ಥರ ಇರುತ್ತದೆ: ಕೆಲಸ ಮುಗಿದಿದೆ, ಬಿಲ್ ಹೋಗಿದೆ, ಗಡುವು ದಾಟಿದೆ, ದುಡ್ಡು ಬಂದಿಲ್ಲ.

ಆಗ ನಮ್ಮ ಕಡೆಯವರು ಮಾಡುವುದು ಎರಡರಲ್ಲಿ ಒಂದು. ದಾಕ್ಷಿಣ್ಯಕ್ಕೆ ಬಿದ್ದು ತಿಂಗಳುಗಟ್ಟಲೆ ಸುಮ್ಮನಿರುತ್ತಾರೆ; ಇಲ್ಲವಾದರೆ ಒಂದು ರಾತ್ರಿ ತಡೆಯಲಾಗದೆ ಖಾರವಾಗಿ ಬರೆದು ಕಳಿಸಿಬಿಡುತ್ತಾರೆ. ಎರಡರಿಂದಲೂ ಹಣ ಬೇಗ ಬರುವುದಿಲ್ಲ, ಎರಡನೆಯದರಿಂದ ಗಿರಾಕಿಯೂ ಹೋಗುತ್ತಾನೆ. ಇವೆರಡರ ನಡುವೆ ಹಲವು ದಾರಿಗಳಿವೆ. ಯಾವುದನ್ನು ಹಿಡಿಯಬೇಕು ಎನ್ನುವುದು ನಿಮ್ಮ ಸಿಟ್ಟು ಎಷ್ಟಿದೆ ಎನ್ನುವುದರ ಮೇಲೆ ನಿಲ್ಲಬಾರದು, ಹಣ ಯಾಕೆ ನಿಂತಿದೆ ಎನ್ನುವುದರ ಮೇಲೆ ನಿಲ್ಲಬೇಕು. ಮರೆತಿರಬಹುದು. ಕಾಗದ ಎಲ್ಲೋ ಸಿಕ್ಕಿಕೊಂಡಿರಬಹುದು. ಅವರ ಕೈಯಲ್ಲೇ ದುಡ್ಡಿಲ್ಲದಿರಬಹುದು. ಕೆಲಸದ ಬಗ್ಗೆ ತಕರಾರಿದ್ದು ಬಾಯಿಬಿಟ್ಟು ಹೇಳದೆ ಇರಬಹುದು. ಕೊಡುವ ಮನಸ್ಸೇ ಇಲ್ಲದಿರಬಹುದು. ನಾನು ನೋಡಿದ ಬಾಕಿಗಳಲ್ಲಿ ಕೊನೆಯ ಗುಂಪು ಬಹಳ ಚಿಕ್ಕದು, ಆದರೆ ನಾವು ಮೊದಲು ಅನುಮಾನಿಸುವುದು ಅದನ್ನೇ.

ಬರೆಯುವ ಮೊದಲು: ನಿಜಕ್ಕೂ ಬಾಕಿ ಇದೆಯೇ?

ಎಷ್ಟೋ ತಗಾದೆಗಳು ಇಲ್ಲೇ ಮುಗಿಯುತ್ತವೆ. ಒಬ್ಬ ಡಿಸೈನರ್ 80,000 ರೂಪಾಯಿಯ ಕೆಲಸಕ್ಕೆ ಶೇ 18 ಜಿಎಸ್‌ಟಿ ಸೇರಿಸಿ 94,400ಕ್ಕೆ ಬಿಲ್ ಮಾಡುತ್ತಾನೆ ಎಂದುಕೊಳ್ಳಿ. ಕಂಪನಿ ವೃತ್ತಿಪರ ಸೇವೆಯೆಂದು ಶೇ 10 ಟಿಡಿಎಸ್ (ಹಣ ಕೊಡುವ ಮುಂಚೆಯೇ ಕಡಿತ ಮಾಡಿ ಕಟ್ಟುವ ಆದಾಯ ತೆರಿಗೆ) ಹಿಡಿಯುತ್ತದೆ. ಜಿಎಸ್‌ಟಿಯನ್ನು ಬಿಲ್ಲಿನಲ್ಲಿ ಬೇರೆಯಾಗಿ ತೋರಿಸಿದ್ದರೆ ಆ ಕಡಿತ 80,000ದ ಮೇಲೆ ಮಾತ್ರ, ಅಂದರೆ 8,000. ಖಾತೆಗೆ ಬರುವುದು 86,400. ಆ ಎಂಟು ಸಾವಿರಕ್ಕಾಗಿ ಮೇಲೆ ಮೇಲೆ ಪತ್ರ ಬರೆಯುವವರಿದ್ದಾರೆ. ಅದು ನಿಮ್ಮ ಪ್ಯಾನ್‌ಗೆ ಜಮಾ ಆಗಿ ಆದಾಯ ತೆರಿಗೆ ಪೋರ್ಟಲ್‌ನ ತೆರಿಗೆ ಜಮಾ ಪಟ್ಟಿಯಾದ 26ಎಎಸ್‌ನಲ್ಲಿ ಕಾಣಿಸುತ್ತದೆ. ಮೊದಲು ಅಲ್ಲಿ ನೋಡಿ. ಕಡಿತವಾಗಿಯೂ ಅಲ್ಲಿ ಕಾಣದಿದ್ದರೆ ಆಗ ಬರೆಯಬೇಕಾದ್ದು ಬೇರೆಯೇ ಪತ್ರ: ಹಣ ಕೇಳುವುದಲ್ಲ, ಟಿಡಿಎಸ್ ರಿಟರ್ನ್ ಯಾವಾಗ ಸಲ್ಲಿಸುತ್ತೀರಿ ಎಂದು ಕೇಳುವುದು.

ಬಿಲ್ಲಿನ ಮೇಲೆ ಪಿಒ (ಗಿರಾಕಿಯ ಖರೀದಿ ಆದೇಶ) ಸಂಖ್ಯೆ ಸರಿಯಿದೆಯೇ, ಗ್ರಾಹಕರ ಜಿಎಸ್‌ಟಿ ಸಂಖ್ಯೆ ತಪ್ಪಿಲ್ಲವೇ, ಗಡುವಿನ ದಿನಾಂಕ ಬರೆದಿದ್ದೀರಾ, ಇವನ್ನೂ ನೋಡಿಕೊಳ್ಳಿ. ಬಿಲ್ಲಿನಲ್ಲಿ ಗಡುವೇ ಇಲ್ಲದಿದ್ದರೆ 'ತಡವಾಯಿತು' ಎನ್ನುವ ಮಾತಿಗೆ ಬಲವಿರುವುದಿಲ್ಲ.

ಮೇಲ್, ವಾಟ್ಸ್‌ಆ್ಯಪ್, ಫೋನ್, ಖುದ್ದು ಹೋಗುವುದು

ಸಾಗರ, ಸೊರಬ, ಹೊಸನಗರದ ಗಿರಾಕಿಗೆ ಮೇಲ್ ಯಾಕೆ, ವಾಟ್ಸ್‌ಆ್ಯಪ್ ಸಾಕಲ್ಲ ಎನ್ನುವವರು ಬಹಳ. ನೋಡುವುದಂತೂ ಅಲ್ಲೇ ಬೇಗ, ನಿಜ. ಆದರೆ ಅಲ್ಲಿ ನಿಮ್ಮ ಬಿಲ್ಲು ಗುಡ್ ಮಾರ್ನಿಂಗ್ ಚಿತ್ರ, ಮದುವೆ ಕರೆಯೋಲೆ, ಅಡಿಕೆ ಧಾರಣೆಯ ನಡುವೆ ಹೂತುಹೋಗುತ್ತದೆ. ಓದಿದ ಗಳಿಗೆಯಲ್ಲಿ ಅವರು ತೋಟದಲ್ಲಿರುತ್ತಾರೆ, 'ಆಯ್ತು' ಎಂದು ಹೆಬ್ಬೆಟ್ಟಿನ ಗುರುತು ಒತ್ತಿ ಮರೆಯುತ್ತಾರೆ. ಮೇಲ್‌ನಲ್ಲಿ ಹಳೆಯ ಪತ್ರ, ಬಿಲ್ಲಿನ ಪಿಡಿಎಫ್, ಅವರ ಉತ್ತರ ಎಲ್ಲ ಒಂದೇ ಸರದಲ್ಲಿ ಉಳಿಯುತ್ತವೆ. ಅವರ ಅಕೌಂಟೆಂಟ್‌ಗೆ ಹಾಗೇ ದಾಟಿಸಬಹುದು. ಸಾಕ್ಷ್ಯದ ದೃಷ್ಟಿಯಲ್ಲಿ ಎರಡೂ ವಿದ್ಯುನ್ಮಾನ ದಾಖಲೆಗಳೇ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರಕಾರ ಕೋರ್ಟಿಗೆ ಕೊಡುವಾಗ ಎರಡಕ್ಕೂ ಪ್ರಮಾಣಪತ್ರ ಬೇಕಾಗುತ್ತದೆ. ವ್ಯತ್ಯಾಸ ಇರುವುದು ಬೇಕಾದಾಗ ಹುಡುಕಿ ತೆಗೆಯುವುದರಲ್ಲಿ. ಫೋನ್ ಹಾಳಾಗಿ ವಾಟ್ಸ್‌ಆ್ಯಪ್ ಮಾತುಕತೆಯೆಲ್ಲ ಹೋದವರು ನಮ್ಮಲ್ಲಿ ಕಡಿಮೆಯಿಲ್ಲ.

ಹಾಗಾಗಿ ನನ್ನ ಸಲಹೆ: ಪತ್ರ ಮೇಲ್‌ನಲ್ಲೇ ಹೋಗಲಿ, ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಹೋಗಲಿ: 'ಸರ್, 118ನೇ ಬಿಲ್ಲಿನ ಬಗ್ಗೆ ಮೇಲ್ ಕಳಿಸಿದ್ದೇನೆ, ಬಿಡುವಾದಾಗ ನೋಡಿ.' ವಾಟ್ಸ್‌ಆ್ಯಪ್‌ನಲ್ಲೇ ಚರ್ಚೆ ಶುರುಮಾಡಬೇಡಿ.

ಫೋನಿನ ಗುಣ ಬೇರೆ. ಹಣ ಯಾಕೆ ನಿಂತಿದೆ ಎನ್ನುವುದು ಐದು ನಿಮಿಷದ ಮಾತಿನಲ್ಲಿ ಗೊತ್ತಾಗುವಷ್ಟು ಐದು ಪತ್ರಗಳಲ್ಲಿ ಗೊತ್ತಾಗುವುದಿಲ್ಲ. 'ನೋಡೋಣ ಮಾರಾಯ್ರೆ, ಈ ವಾರ ಆಗ್ಬಹುದು' ಎನ್ನುವ ದನಿಯಲ್ಲೇ ಎಷ್ಟೋ ತಿಳಿಯುತ್ತದೆ. ಆದರೆ ಫೋನಿಟ್ಟ ಮೇಲೆ ಕೈಯಲ್ಲಿ ಏನೂ ಉಳಿಯುವುದಿಲ್ಲ. ಅದಕ್ಕೇ ಮಾತು ಮುಗಿದ ಕೂಡಲೇ ಎರಡು ಸಾಲಿನ ಮೇಲ್ ಕಳಿಸಿ: 'ಈಗ ಫೋನಿನಲ್ಲಿ ಮಾತಾಡಿದಂತೆ, 118ನೇ ಬಿಲ್ಲಿನ 86,400 ರೂ.ಗಳನ್ನು ಅಕ್ಟೋಬರ್ 5ರೊಳಗೆ ಜಮಾ ಮಾಡುವುದಾಗಿ ತಿಳಿಸಿದ್ದೀರಿ. ಧನ್ಯವಾದ.' ಈ ಸಣ್ಣ ಪತ್ರದಷ್ಟು ಉಪಯೋಗಕ್ಕೆ ಬರುವ ಇನ್ನೊಂದು ಪತ್ರವನ್ನು ನಾನು ಕಂಡಿಲ್ಲ.

ಗಿರಾಕಿ ನೆಂಟರಾಗಿದ್ದರೆ ಮೊದಲು ಫೋನ್, ಆಮೇಲೆ ಮೇಲ್. ನೆಂಟರಿಗೆ ಏಕಾಏಕಿ ಆಫೀಸಿನ ಧಾಟಿಯ ಪತ್ರ ಹೋದರೆ ಬಿಲ್ಲಿನ ವಿಷಯ ಅಲ್ಲೇ ಉಳಿದು ಪತ್ರದ ವಿಷಯವೇ ಮನೆಮನೆಯ ಮಾತಾಗುತ್ತದೆ.

ಸರ್ಕಾರಿ ಕಚೇರಿಯ ಬಾಕಿಗೆ ಮೇಲ್ ಅಷ್ಟಾಗಿ ನಡೆಯುವುದಿಲ್ಲ. ತಾಲ್ಲೂಕು ಪಂಚಾಯಿತಿಗೆ ಫ್ಲೆಕ್ಸ್ ಹಾಕಿಕೊಟ್ಟಿದ್ದೀರಿ, ಇಲಾಖೆಗೆ ಪುಸ್ತಕ ಅಚ್ಚುಮಾಡಿ ಕೊಟ್ಟಿದ್ದೀರಿ ಎಂದರೆ ಲೆಟರ್‌ಹೆಡ್ಡಿನಲ್ಲಿ ಬರೆದು, ಟಪಾಲು ವಿಭಾಗಕ್ಕೆ ಖುದ್ದು ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಅಲ್ಲಿ ಹಣ ಹೊರಡುವುದು ಅನುದಾನ ಬಿಡುಗಡೆಯಾಗಿ, ಬಿಲ್ಲು ರಾಜ್ಯ ಖಜಾನೆಯ ಆನ್‌ಲೈನ್ ವ್ಯವಸ್ಥೆಯಾದ ಖಜಾನೆ-2ಕ್ಕೆ ಏರಿದ ಮೇಲೆ. ಕೇಳಬೇಕಾದ ಪ್ರಶ್ನೆಯೂ ಅದೇ: ಬಿಲ್ಲು ಖಜಾನೆಗೆ ಹೋಗಿದೆಯೇ, ಇಲ್ಲವೇ? ಮಾರ್ಚ್ ಕೊನೆಯ ವಾರದಲ್ಲಿ ಎದ್ದು ಓಡುವ ಬದಲು ಜನವರಿಯಲ್ಲೇ ಕೇಳಿದರೆ ಕೊರತೆಯಿರುವ ಕಾಗದ ಸರಿಪಡಿಸಲು ಸಮಯ ಸಿಗುತ್ತದೆ.

ಮಾಲೀಕರಿಗೋ, ಅಕೌಂಟ್ಸಿಗೋ, ಕೆಲಸ ಹೇಳಿದವರಿಗೋ?

ಬೆಂಗಳೂರಿನ ಕಂಪನಿಯಾದರೆ ಮೊದಲ ಪತ್ರ ಅಕೌಂಟ್ಸ್ ವಿಭಾಗಕ್ಕೆ, ಪ್ರತಿ ಕೆಲಸ ಹೇಳಿದವರಿಗೆ. ಕೆಲಸ ಹೇಳಿದವರಿಗೆ ಪಾವತಿಯ ಕೀಲಿ ಇರುವುದಿಲ್ಲ, ಆದರೆ ಕೆಲಸ ಮುಗಿದಿದೆ ಎಂದು ಒಪ್ಪಿ ಟಿಕ್ ಹಾಕುವವರು ಅವರೇ. ಎಷ್ಟೋ ಬಿಲ್ಲು ಆ ಒಂದು ಟಿಕ್ ಇಲ್ಲದೆ ನಿಂತಿರುತ್ತದೆ. ನೇರ ಮೇಲಧಿಕಾರಿಗೆ ಬರೆದು ಕೆಳಗಿನವರಿಗೆ ಪ್ರತಿ ಹಾಕುವುದು ಚಾಡಿ ಹೇಳಿದಂತೆ ಆಗುತ್ತದೆ. ಎರಡು ಪತ್ರಕ್ಕೆ ಉತ್ತರವಿಲ್ಲದಿದ್ದರೆ ಮಾತ್ರ ಆ ಮೆಟ್ಟಿಲು ಹತ್ತಿ.

ಊರಿನ ಉದ್ದಿಮೆಯಾದರೆ ಮಾಲೀಕರಿಗೇ ಬರೆಯಿರಿ, ಕನ್ನಡದಲ್ಲೇ ಬರೆಯಿರಿ. ಇಂಗ್ಲಿಷ್ ಪತ್ರ ಹೋದರೆ 'ಮಗ ಬಂದ ಮೇಲೆ ನೋಡ್ತಾನೆ' ಎಂದು ಬದಿಗಿಡುವವರು ಕನ್ನಡದ ನಾಲ್ಕು ಸಾಲನ್ನು ತಾವೇ ಓದಿ ಅಲ್ಲೇ ಫೋನ್ ಮಾಡುತ್ತಾರೆ. ಹೊರ ರಾಜ್ಯದ ಅಕೌಂಟ್ಸ್ ತಂಡಕ್ಕೆ ಹೋಗುವ ಪತ್ರ ಇಂಗ್ಲಿಷಿನಲ್ಲೇ ಇರಬೇಕು. ಅಲ್ಲಿಯೂ ಸಣ್ಣ ವಾಕ್ಯ, ಮೊದಲ ಸಾಲಿನಲ್ಲೇ ಬಿಲ್ ಸಂಖ್ಯೆ. ಅಲಂಕಾರದ ಇಂಗ್ಲಿಷ್‌ಗಾಗಿ ಒದ್ದಾಡಬೇಕಾಗಿಲ್ಲ.

ಮೊದಲ ಪತ್ರ: ನೆನಪಿಸುವುದೋ, ಪ್ರಶ್ನೆ ಕೇಳುವುದೋ?

ಇಲ್ಲಿ ನಾನು ಹೆಚ್ಚು ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಮುಂದಿನದೆಲ್ಲ ಇದರ ಮೇಲೆ ನಿಂತಿದೆ.

ನೆನಪಿನ ಪತ್ರ ಗಡುವಿಗೆ ಮೂರ್ನಾಲ್ಕು ದಿನ ಮುಂಚೆ ಅಥವಾ ದಾಟಿದ ಎರಡು-ಮೂರು ದಿನದಲ್ಲಿ ಹೋಗಬೇಕು. ಅದರಲ್ಲಿ ತಪ್ಪು ಹೊರಿಸುವ ನೆರಳೂ ಇರಬಾರದು.

> ವಿಷಯ: ಬಿಲ್ ಸಂಖ್ಯೆ 118, ರೂ. 86,400, ಗಡುವು ಸೆಪ್ಟೆಂಬರ್ 10
>
> ನಮಸ್ಕಾರ ಮೇಡಂ,
>
> ಆಗಸ್ಟ್ 11ರ ಬಿಲ್ ಸಂಖ್ಯೆ 118ಕ್ಕೆ ಸೆಪ್ಟೆಂಬರ್ 10 ಗಡುವಾಗಿತ್ತು. ಒಟ್ಟು 94,400 ರೂ., ಟಿಡಿಎಸ್ ಕಳೆದು 86,400 ರೂ. ಬಿಲ್ಲನ್ನು ಮತ್ತೆ ಲಗತ್ತಿಸಿದ್ದೇನೆ. ಬ್ಯಾಂಕ್ ವಿವರ ಬಿಲ್ಲಿನಲ್ಲೇ ಇದೆ, ಏನೂ ಬದಲಾಗಿಲ್ಲ. ಈಗಾಗಲೇ ಪಾವತಿಸಿದ್ದರೆ ಬ್ಯಾಂಕ್ ವರ್ಗಾವಣೆಯ ಯುಟಿಆರ್ ಸಂಖ್ಯೆ ಕಳಿಸಿ, ನಮ್ಮ ಲೆಕ್ಕದಲ್ಲಿ ಹೊಂದಿಸಿಕೊಳ್ಳುತ್ತೇನೆ.

ವಿಷಯದ ಸಾಲನ್ನು ಗಮನಿಸಿ. 'ಪಾವತಿಯ ಬಗ್ಗೆ' ಎಂದಷ್ಟೇ ಬರೆದರೆ ದಿನಕ್ಕೆ ನೂರು ಮೇಲ್ ನೋಡುವವರು ಅದನ್ನು ಮತ್ತೆ ಹುಡುಕಲಾರರು. 'ತುರ್ತು' ಎಂದು ಮೊದಲ ಪತ್ರದಲ್ಲೇ ಬರೆದರೆ ನಾಲ್ಕನೇ ಪತ್ರಕ್ಕೆ ಬರೆಯಲು ಏನೂ ಉಳಿಯುವುದಿಲ್ಲ. ಬ್ಯಾಂಕ್ ವಿವರ ಬದಲಾಗಿಲ್ಲ ಎನ್ನುವ ಮಾತಿಗೂ ಕಾರಣವಿದೆ. ಮೇಲ್ ಖಾತೆಗೆ ನುಗ್ಗಿ 'ನಮ್ಮ ಖಾತೆ ಬದಲಾಗಿದೆ, ಇಲ್ಲಿಗೆ ಹಾಕಿ' ಎಂದು ಬರೆದು ಹಣ ಹೊಡೆಯುವ ವಂಚನೆ ಎಲ್ಲ ಕಡೆ ನಡೆಯುತ್ತಿದೆ. ನಿಜಕ್ಕೂ ಖಾತೆ ಬದಲಿಸಿದ್ದರೆ ಮೇಲ್ ಮಾತ್ರ ನಂಬಬೇಡಿ, ಫೋನ್ ಮಾಡಿ ಹೇಳಿ.

ಇದಕ್ಕೆ ಹತ್ತು ದಿನದಲ್ಲಿ ಉತ್ತರ ಬರದಿದ್ದರೆ ಅದೇ ಪತ್ರವನ್ನು 'ಮತ್ತೊಮ್ಮೆ ನೆನಪಿಸುತ್ತಿದ್ದೇನೆ' ಎಂದು ಕಳಿಸುವುದು ರೂಢಿ. ನನಗೆ ಅದು ಇಷ್ಟವಿಲ್ಲ. ಎರಡನೇ ನೆನಪಿಗಿಂತ ಒಂದು ಪ್ರಶ್ನೆ ಹೆಚ್ಚು ಕೆಲಸ ಮಾಡುತ್ತದೆ:

> ಮೇಡಂ, 118ನೇ ಬಿಲ್ ನಿಮ್ಮಲ್ಲಿ ಈಗ ಯಾವ ಹಂತದಲ್ಲಿದೆ ಎಂದು ತಿಳಿಸುವಿರಾ? ಪಿಒ ಪ್ರತಿ, ಕೆಲಸ ಮುಗಿದ ಬಗ್ಗೆ ಸಹಿ, ಬೇರೆ ಯಾವುದಾದರೂ ಕಾಗದ ಬೇಕಿದ್ದರೆ ಇಂದೇ ಕಳಿಸುತ್ತೇನೆ. ಕೆಲಸದಲ್ಲಿ ಸರಿಪಡಿಸಬೇಕಾದ್ದು ಇದ್ದರೂ ದಯವಿಟ್ಟು ಹೇಳಿ. ಎಲ್ಲ ಸರಿಯಿದ್ದರೆ ನಿಮ್ಮ ಮುಂದಿನ ಪಾವತಿಯ ದಿನಾಂಕ ತಿಳಿಸಿ.

ನೆನಪಿನ ಪತ್ರಕ್ಕೆ ಉತ್ತರ ಕೊಡದೆಯೂ ಇರಬಹುದು. ಪ್ರಶ್ನೆಗೆ ಉತ್ತರ ಕೊಡದಿದ್ದರೆ ಕೊಡಲಿಲ್ಲ ಎಂದು ಎದ್ದು ಕಾಣುತ್ತದೆ. ಜೊತೆಗೆ ಆ ಉತ್ತರವೇ ಮುಂದಿನ ದಾರಿ ತೋರಿಸುತ್ತದೆ. 'ಜಿಆರ್‌ಎನ್ ಆಗಿಲ್ಲ' (ಸರಕು ಬಂದು ಸೇರಿದ್ದಕ್ಕೆ ಸ್ಟೋರ್ಸ್ ಬರೆಯುವ ಚೀಟಿ) ಎಂದರೆ ಕಾಗದದ ತೊಡಕು. ಸ್ಟೋರ್ಸ್‌ನವರಿಗೆ ಫೋನ್ ಮಾಡಿ. 'ಲೋಗೊ ಬಣ್ಣ ಸರಿಬಂದಿಲ್ಲ ಅಂತ ಸಾಹೇಬರು ಹೇಳ್ತಿದ್ರು' ಎಂದರೆ ತಕರಾರು; ಹಣದ ಮಾತು ನಿಲ್ಲಿಸಿ ಮೊದಲು ಅದನ್ನು ಬಗೆಹರಿಸಿ, ತಕರಾರಿಲ್ಲದ ಭಾಗದ ಹಣವನ್ನು ಈಗಲೇ ಕೇಳಿ. 'ನಮಗೇ ಬರಬೇಕಾದ್ದು ಬಂದಿಲ್ಲ' ಎಂದರೆ ಕಂತಿನ ಮಾತು ಎತ್ತಿ.

ಧಾಟಿಯ ಬಗ್ಗೆ ಒಂದು ಮಾತು. 'ತೊಂದರೆ ಕೊಡುತ್ತಿರುವುದಕ್ಕೆ ಕ್ಷಮಿಸಿ, ಸಾಧ್ಯವಾದರೆ, ನಿಮಗೆ ಅನುಕೂಲವಾದಾಗ' ಎಂದು ಬರೆಯಬೇಡಿ. ಅನುಕೂಲವಾದಾಗ ಎಂದು ನೀವೇ ಬರೆದ ಮೇಲೆ ಅವರು ಅನುಕೂಲ ನೋಡಿಕೊಳ್ಳುವುದರಲ್ಲಿ ತಪ್ಪೇನಿದೆ? 'ನೀವು ಇನ್ನೂ ಕೊಟ್ಟಿಲ್ಲ' ಎನ್ನುವುದೂ ಬೇಡ. 'ಹಣ ನಮ್ಮ ಖಾತೆಗೆ ಇನ್ನೂ ಬಂದಿಲ್ಲ' ಎಂದರೆ ಸಂಗತಿ ಅಷ್ಟೇ ನಿಲ್ಲುತ್ತದೆ, ಯಾರ ಮುಖಕ್ಕೂ ಬಡಿಯುವುದಿಲ್ಲ. ನಿಮ್ಮ ಮನೆಯ ಕಷ್ಟ, ಇಎಂಐ, ಮಗಳ ಫೀಸು ಪತ್ರದಲ್ಲಿ ಬರಬಾರದು. ಮಾಡಿದ ಕೆಲಸಕ್ಕೆ ಕೇಳುವ ಹಣಕ್ಕೆ ಬೇರೆ ಕಾರಣ ಬೇಕಾಗಿಲ್ಲ. ಕಾರಣ ಕೊಟ್ಟಷ್ಟೂ ಅದು ಸಹಾಯ ಕೇಳಿದಂತೆ ಕಾಣುತ್ತದೆ.

ಕಾಯುವುದು, ಕಂತು, ಪೂರ್ತಿ: ಹಂಗಾಮು ನೋಡಿ ಆರಿಸಿ

ಮಲೆನಾಡಿನಲ್ಲಿ ದುಡ್ಡಿಗೆ ಹಂಗಾಮಿದೆ. ಅಡಿಕೆ ಬೆಳೆಗಾರರ ಕೈ ಬಿಗಿಯಾಗುವುದು ಮಳೆಗಾಲದಲ್ಲಿ; ಔಷಧಿ, ಗೊನೆಗೆ ಕಟ್ಟುವ ಕೊಟ್ಟೆ, ಕೂಲಿ, ಮಕ್ಕಳ ಶಾಲೆ ಎಲ್ಲ ಒಟ್ಟಿಗೆ ಬರುವ ಹೊತ್ತು. ಕೊನೆಕೊಯ್ಲು ಮುಗಿದು, ಒಣಗಿ, ಬೆಳೆಗಾರರ ಸಹಕಾರ ಸಂಘವಾದ ಮ್ಯಾಮ್ಕೋಸ್‌ಗೋ ಮಂಡಿಗೋ ಹೋದ ಮೇಲೆ ಹಣ ಕಾಣುತ್ತದೆ. ಅದೂ ಧಾರಣೆ ಏರಲಿ ಎಂದು ಚೀಲ ಅಟ್ಟದಲ್ಲಿ ಇಟ್ಟಿರದಿದ್ದರೆ. ಅಡಿಕೆ ಸುಲಿಯುವ ಯಂತ್ರದ ರಿಪೇರಿ, ಪಂಪ್‌ಸೆಟ್, ಒಣಗಿಸುವ ಶೆಡ್ಡು ಮಾಡಿಕೊಡುವವರು ಆಗಸ್ಟಿನಲ್ಲಿ 'ಏಳು ದಿನದೊಳಗೆ' ಎಂದು ಪತ್ರ ಬರೆದರೆ ಸಿಗುವುದು ಮುಜುಗರ ಮಾತ್ರ. ಅದರ ಬದಲು ಹೀಗೆ:

> ನಮಸ್ಕಾರ ಗೌಡ್ರೇ, ಸುಲಿಯುವ ಯಂತ್ರದ ಬಿಲ್ಲಿನಲ್ಲಿ 36,000 ರೂ. ಉಳಿದಿದೆ. ಕೊಯ್ಲಿಗೆ ಮುಂಚೆ ಪೂರ್ತಿ ಕಷ್ಟವಾಗಬಹುದು. ಈ ತಿಂಗಳ 25ಕ್ಕೆ 6,000, ಡಿಸೆಂಬರ್ 20ಕ್ಕೆ 15,000, ಜನವರಿ 31ಕ್ಕೆ 15,000 ಆದರೆ ನಮಗೆ ಒಪ್ಪಿಗೆ. ನಿಮಗೂ ಒಪ್ಪಿಗೆಯಾದರೆ ಈ ಪತ್ರಕ್ಕೆ 'ಒಪ್ಪಿದೆ' ಎಂದು ಉತ್ತರ ಕೊಡಿ.

ಕಾಯುವುದಕ್ಕೂ ಇದಕ್ಕೂ ವ್ಯತ್ಯಾಸ ದೊಡ್ಡದು. ಸುಮ್ಮನೆ ಕಾದರೆ ಏನೂ ಬರಹದಲ್ಲಿ ಉಳಿಯುವುದಿಲ್ಲ. ಇಲ್ಲಿ ಬಾಕಿ ಎಷ್ಟೆಂದು ಅವರೇ ಒಪ್ಪಿದಂತಾಗುತ್ತದೆ, ಮೊದಲ ಸಣ್ಣ ಕಂತು ಬಂದರೆ ಕೊಡುವ ಮನಸ್ಸಿದೆ ಎನ್ನುವುದೂ ತಿಳಿಯುತ್ತದೆ. ಕಾಲಮಿತಿ ಕಾಯ್ದೆ (ಲಿಮಿಟೇಶನ್ ಆ್ಯಕ್ಟ್) 1963ರ ಪ್ರಕಾರ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ. ಆ ಅವಧಿಯೊಳಗೆ ಸಾಲಗಾರ ಬಾಕಿಯನ್ನು ಬರಹದಲ್ಲಿ ಸಹಿ ಸಹಿತ ಒಪ್ಪಿದರೆ ಅಲ್ಲಿಂದ ಹೊಸದಾಗಿ ಎಣಿಕೆ ಶುರುವಾಗುತ್ತದೆ. ದೊಡ್ಡ ಮೊತ್ತವಾದರೆ ಮೇಲ್ ಉತ್ತರದ ಜೊತೆ ಬಾಕಿ ದೃಢೀಕರಣದ ಕಾಗದಕ್ಕೂ ಸಹಿ ಪಡೆಯಿರಿ. ಎಲೆಚುಕ್ಕೆ ರೋಗ ಬಿದ್ದ ತೋಟದವರಿಗೆ ಕಂತು ಇನ್ನೂ ಉದ್ದವಾಗಬೇಕಾಗಬಹುದು. ಅಲ್ಲಿ ಕಠಿಣವಾಗುವುದು ನನಗೆ ಸರಿಯೆನಿಸುವುದಿಲ್ಲ, ಬರಹ ಮಾತ್ರ ಬಿಡಬಾರದು.

ಹೋಂಸ್ಟೇಯವರ ಹಣ ಓಡಾಡುವುದು ಡಿಸೆಂಬರ್, ಬೇಸಿಗೆ ರಜೆ, ಮಳೆಗಾಲದ ಶನಿವಾರ-ಭಾನುವಾರಗಳಲ್ಲಿ. ಅವರಿಗೆ ಸೋಮವಾರ ಬರೆದರೆ ಒಳ್ಳೆಯದು. ಕಂಪನಿಗಳಿಗೆ ಹಂಗಾಮಿಲ್ಲ, ಪಾವತಿಯ ದಿನಗಳಿವೆ: ತಿಂಗಳಿಗೆ ಎರಡು ಸಲವೋ, ವಾರಕ್ಕೊಮ್ಮೆಯೋ. ಆ ದಿನ ಕೇಳಿ ತಿಳಿದುಕೊಂಡು ಅದಕ್ಕೆ ಎರಡು-ಮೂರು ದಿನ ಮುಂಚೆ ಪತ್ರ ತಲುಪುವಂತೆ ನೋಡಿಕೊಳ್ಳಿ. ಆಗುಂಬೆ, ಹೊಸನಗರದ ಕಡೆ ಮಳೆಗೆ ಕರೆಂಟು, ನೆಟ್ಟು ಎರಡೂ ಹೋಗುವ ದಿನಗಳಿರುವುದರಿಂದ ಹಿಂದಿನ ರಾತ್ರಿಯೇ ಬರೆದು, ಜಿಮೇಲ್‌ನಲ್ಲಿ ಬೆಳಗ್ಗೆ ಹತ್ತಕ್ಕೆ ಹೋಗುವಂತೆ ಸಮಯ ನಿಗದಿ ಮಾಡಿಟ್ಟರೆ ಸಾಕು.

ಗಟ್ಟಿ ಪತ್ರ: ಬಡ್ಡಿಯ ಮಾತೋ, ತೆರಿಗೆಯ ಮಾತೋ?

ಕೊಟ್ಟ ಮಾತಿನ ದಿನಾಂಕ ದಾಟಿತು, ಪ್ರಶ್ನೆಗಳಿಗೂ ಉತ್ತರವಿಲ್ಲ. ಈಗ ದನಿ ಬದಲಾಗಬೇಕು. ಗಟ್ಟಿ ಎಂದರೆ ಕಟು ಅಲ್ಲ. ದಿನಾಂಕಗಳು ಹೆಚ್ಚು, ವಿಶೇಷಣಗಳು ಕಡಿಮೆ.

ಕೈಯಲ್ಲಿರುವ ಮೊದಲ ಬಲ ಎಂಎಸ್‌ಎಂಇಡಿ ಕಾಯ್ದೆ, 2006, ಅಂದರೆ ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆಗಳ ಅಭಿವೃದ್ಧಿ ಕಾಯ್ದೆ. ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆಯಿಂದ ಸರಕು, ಸೇವೆ ಪಡೆದವರು ಬರಹದ ಒಪ್ಪಂದವಿದ್ದರೆ ಅದರ ಗಡುವಿನೊಳಗೆ, ಅದೂ 45 ದಿನ ಮೀರದಂತೆ, ಒಪ್ಪಂದ ಇಲ್ಲದಿದ್ದರೆ 15 ದಿನದಲ್ಲಿ ಹಣ ಕೊಡಬೇಕು. ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಎತ್ತದಿದ್ದರೆ ಒಪ್ಪಿಕೊಂಡಂತೆ ಲೆಕ್ಕ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 5.5 ಇದ್ದರೆ ಬಡ್ಡಿ ವರ್ಷಕ್ಕೆ ಶೇ 16.5. ನಮ್ಮ 86,400ಕ್ಕೆ ಮೊದಲ ತಿಂಗಳೇ 1,188 ರೂಪಾಯಿ. ಇದಕ್ಕೆ ಕೇಂದ್ರ ಸರ್ಕಾರದ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಿ. 2020ರ ಜುಲೈ 1ರಿಂದ ನಡೆಯುತ್ತಿರುವ ಆ ನೋಂದಣಿಗೆ ಶುಲ್ಕವಿಲ್ಲ. ಕೆಲಸ ಒಪ್ಪಿಕೊಳ್ಳುವ ಮುಂಚೆಯೇ ಮಾಡಿಸಿ, ಸಂಖ್ಯೆಯನ್ನು ಬಿಲ್ಲಿನ ಮೇಲೆ ಅಚ್ಚು ಹಾಕಿಸಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಸಿಕ್ಕರೂ ಅದು ಆದ್ಯತಾ ವಲಯದ ಸಾಲಕ್ಕಷ್ಟೇ ಉಪಯೋಗ, ತಡಪಾವತಿಯ ಈ ರಕ್ಷಣೆ ಅವರಿಗಿಲ್ಲ.

ಎರಡನೆಯದು ತೆರಿಗೆಯ ಮಾತು. ಇದು ಗಿರಾಕಿಯ ಅಕೌಂಟೆಂಟ್‌ಗೆ ಬಡ್ಡಿಗಿಂತ ಬೇಗ ನಾಟುತ್ತದೆ. ಜಿಎಸ್‌ಟಿಯಲ್ಲಿ ಬಿಲ್ಲಿನ ದಿನದಿಂದ 180 ದಿನದೊಳಗೆ ಹಣ ಕೊಡದಿದ್ದರೆ, ಆ ಬಿಲ್ಲಿನ ಮೇಲೆ ಪಡೆದ ಇನ್‌ಪುಟ್ ಕ್ರೆಡಿಟ್ಟನ್ನು (ತಾವು ಕಟ್ಟುವ ತೆರಿಗೆಯಲ್ಲಿ ಕಳೆದುಕೊಂಡ ಈ ಬಿಲ್ಲಿನ ಜಿಎಸ್‌ಟಿಯನ್ನು) ಗ್ರಾಹಕರು ಬಡ್ಡಿ ಸಹಿತ ಹಿಂತಿರುಗಿಸಬೇಕು. ಹಣ ಕೊಟ್ಟ ಮೇಲೆ ಮತ್ತೆ ಪಡೆಯಬಹುದು. ಆದಾಯ ತೆರಿಗೆಯಲ್ಲಿ 2023ರ ಹಣಕಾಸು ಕಾಯ್ದೆ ತಂದು 2024ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ, ಸೂಕ್ಷ್ಮ, ಸಣ್ಣ ಉದ್ದಿಮೆಗೆ 15 ಅಥವಾ 45 ದಿನದ ಗಡುವು ಮೀರಿ ವರ್ಷದ ಕೊನೆಗೂ ಬಾಕಿ ಉಳಿಸಿಕೊಂಡರೆ ಆ ವೆಚ್ಚವನ್ನು ಆ ವರ್ಷದ ಆದಾಯದಲ್ಲಿ ಕಳೆಯುವಂತಿಲ್ಲ. ಹಾಗಾಗಿ ಫೆಬ್ರವರಿ ಕೊನೆಗೆ ಹೋಗುವ ಪತ್ರಕ್ಕೆ ವಿಶೇಷ ತೂಕವಿದೆ.

ಎರಡರಲ್ಲಿ ಯಾವುದು? ಸಂಬಂಧ ಉಳಿಯಬೇಕು ಎಂದಿದ್ದರೆ ಮೊದಲು ತೆರಿಗೆಯ ಮಾತು. ಅದು ಅವರ ಹಿತಕ್ಕೇ ಹೇಳಿದ ಮಾತಾಗಿರುತ್ತದೆ: 'ಫೆಬ್ರವರಿ 7ಕ್ಕೆ ಈ ಬಿಲ್ಲಿಗೆ 180 ದಿನ ತುಂಬುತ್ತದೆ, ನಿಮ್ಮ ಇನ್‌ಪುಟ್ ಕ್ರೆಡಿಟ್‌ಗೆ ತೊಂದರೆಯಾಗದಿರಲಿ ಎಂದು ತಿಳಿಸುತ್ತಿದ್ದೇನೆ.' ಆದರೆ ಗಿರಾಕಿ ಜಿಎಸ್‌ಟಿ ನೋಂದಣಿ ಇಲ್ಲದವರಾದರೆ ಅಥವಾ ಇನ್‌ಪುಟ್ ಕ್ರೆಡಿಟ್ ಸಿಗದ ಸಣ್ಣ ವ್ಯಾಪಾರಿಗಳ ಯೋಜನೆಯಾದ ಕಾಂಪೊಸಿಷನ್‌ನಲ್ಲಿದ್ದರೆ ಈ ಮಾತಿಗೆ ಅರ್ಥವಿಲ್ಲ. ಬಡ್ಡಿಯ ಮಾತು ಅದಕ್ಕೂ ಜಗ್ಗದವರಿಗೆ:

> ಮಾನ್ಯರೇ, ಬಿಲ್ ಸಂಖ್ಯೆ 118ರ 86,400 ರೂ. ಬಾಕಿಯ ಬಗ್ಗೆ ಸೆಪ್ಟೆಂಬರ್ 13, 24 ಮತ್ತು ಅಕ್ಟೋಬರ್ 8ರಂದು ಬರೆದಿದ್ದೇನೆ. ಅಕ್ಟೋಬರ್ 5ರೊಳಗೆ ಪಾವತಿಸುವುದಾಗಿ ತಾವು ತಿಳಿಸಿದ್ದಿರಿ. ಕೆಲಸದ ಬಗ್ಗೆ ಈವರೆಗೆ ಯಾವ ಆಕ್ಷೇಪವೂ ಬಂದಿಲ್ಲ. ಅಕ್ಟೋಬರ್ 31ರೊಳಗೆ ಪೂರ್ತಿ ಹಣ ಜಮಾ ಮಾಡಬೇಕೆಂದು ಕೋರುತ್ತೇನೆ. ಬರದಿದ್ದರೆ ನವೆಂಬರ್ 1ರಿಂದ ಹೊಸ ಕೆಲಸ ನಿಲ್ಲಿಸಿ, ಎಂಎಸ್‌ಎಂಇಡಿ ಕಾಯ್ದೆಯಂತೆ ಬಡ್ಡಿ ಸಹಿತ ಬಾಕಿಗಾಗಿ ಅರ್ಜಿ ಸಲ್ಲಿಸುತ್ತೇನೆ.

ಈ ಪತ್ರ ಬರೆದ ಮೇಲೆ ನವೆಂಬರ್ 1ಕ್ಕೆ ಹೇಳಿದ್ದನ್ನು ಮಾಡಲೇಬೇಕು. ಮಾಡಲು ಸಿದ್ಧರಿಲ್ಲದಿದ್ದರೆ ಕೊನೆಯ ವಾಕ್ಯ ಬರೆಯಬೇಡಿ. 'ಕೋರ್ಟಿಗೆ ಎಳೀತೀನಿ', 'ಗ್ರೂಪಿನಲ್ಲಿ ಹಾಕ್ತೀನಿ' ಎನ್ನುವ ಮಾತಂತೂ ಯಾವ ಪತ್ರದಲ್ಲೂ ಬೇಡ. ಮಾನಹಾನಿಯ ತೊಡಕು ನಿಮ್ಮ ಕೊರಳಿಗೇ ಬೀಳುತ್ತದೆ.

ಪತ್ರ ಮುಗಿದ ಮೇಲೆ

ಇಲ್ಲಿಂದ ಮುಂದೆ ವಕೀಲರ ನೋಟಿಸು, ಸಮಾಧಾನ್ ಅರ್ಜಿ, ದಾವೆ. ಇಂಥ ಅರ್ಜಿಗಾಗಿ 2017ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಎಂಎಸ್‌ಎಂಇ ಸಮಾಧಾನ್ ಪೋರ್ಟಲ್ ಶುರುಮಾಡಿತು; ಅರ್ಜಿಯನ್ನು ಮನೆಯಿಂದಲೇ ಆನ್‌ಲೈನ್‌ನಲ್ಲಿ ಹಾಕಬಹುದು. ಅದು ತಡಪಾವತಿಯ ತಕರಾರು ಬಗೆಹರಿಸುವ ರಾಜ್ಯದ ಸೌಲಭ್ಯ ಮಂಡಳಿಗೆ ಹೋಗುತ್ತದೆ. ಕಾಯ್ದೆ ಮಂಡಳಿಗೆ ಕೊಟ್ಟಿರುವ ಗಡುವು 90 ದಿನ, ಆದರೆ ಅಷ್ಟರಲ್ಲೇ ಮುಗಿಯುತ್ತದೆ ಎಂದು ನಂಬಿ ಕೂರಬೇಡಿ. ಅಲ್ಲಿನ ತೀರ್ಪನ್ನು ಪ್ರಶ್ನಿಸಬೇಕಾದರೆ ಗ್ರಾಹಕರು ಶೇ 75ರಷ್ಟು ಹಣ ಠೇವಣಿ ಇಡಬೇಕು. ಈ ಒಂದು ನಿಯಮದಿಂದಾಗಿ, ನೋಂದಣಿ ಇರುವ ಉದ್ದಿಮೆಗೆ ಸಾಮಾನ್ಯ ದಾವೆಗಿಂತ ನಾನು ಇದನ್ನೇ ಮೊದಲು ಹೇಳುತ್ತೇನೆ. ನೋಂದಣಿಗೆ, ಅರ್ಜಿಗೆ ನೆರವು ಬೇಕಾದರೆ ಶಿವಮೊಗ್ಗದ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ವಿಚಾರಿಸಿ.

ಚೆಕ್ ಬೌನ್ಸ್ ಆಗಿದ್ದರೆ ಮಾತ್ರ ಈ ಮೇಲ್‌ಗಳ ಸರಣಿಯಲ್ಲಿ ಕಾಲ ಕಳೆಯಬೇಡಿ. ಬ್ಯಾಂಕಿನಿಂದ ಮಾಹಿತಿ ಬಂದ 30 ದಿನದೊಳಗೆ ಬರಹದ ನೋಟಿಸು ಹೋಗಬೇಕು. ನೋಟಿಸು ತಲುಪಿದ 15 ದಿನದಲ್ಲಿ ಹಣ ಬರದಿದ್ದರೆ ಅಲ್ಲಿಂದ ಒಂದು ತಿಂಗಳೊಳಗೆ ಕೋರ್ಟಿನಲ್ಲಿ ದೂರು ಕೊಡಬೇಕು. ಮೊದಲ ದಿನವೇ ವಕೀಲರನ್ನು ಕಾಣಿ.

ಐದಾರು ಸಾವಿರದ ಬಾಕಿಗೆ ಇಷ್ಟೆಲ್ಲ ಬೇಕೇ ಎಂದು ಕೇಳುತ್ತಾರೆ. ಮೂರು ಪತ್ರ ಬೇಕು, ನೋಟಿಸು ಬೇಡ. ಬರದಿದ್ದರೆ ಲೆಕ್ಕದಿಂದ ತೆಗೆದುಹಾಕಿ, ಮುಂದಿನ ಕೆಲಸಕ್ಕೆ ಮುಂಗಡ ಕೇಳಿ.

ಹಣ ಬಂದ ದಿನವೂ ಒಂದು ಪತ್ರ ಹೋಗಲಿ. ಎಷ್ಟೇ ತಡವಾಗಿ ಬಂದಿದ್ದರೂ ಅದರಲ್ಲಿ ಹಳೆಯ ಸಿಟ್ಟು ಬೇಡ: 'ಬಿಲ್ ಸಂಖ್ಯೆ 118ರ 86,400 ರೂ. ಇಂದು ಜಮಾ ಆಗಿದೆ, ಧನ್ಯವಾದ. ಈ ಬಿಲ್ಲಿನಲ್ಲಿ ಈಗ ಏನೂ ಬಾಕಿಯಿಲ್ಲ. ಮುಂದಿನ ಕೆಲಸಕ್ಕೆ ಅರ್ಧ ಮುಂಗಡ, ಉಳಿದರ್ಧ ಕೆಲಸ ಒಪ್ಪಿಸಿದ 15 ದಿನದೊಳಗೆ ಎಂಬ ಷರತ್ತಿನಲ್ಲಿ ಕೊಟೇಶನ್ ಕಳಿಸುತ್ತೇನೆ.'